ಕೇಳಿ, ಹೇಳ್ತೀವಿ: ಸೊಂಟಕ್ಕೊಂದು ರಿವಾಲ್ವರ್ ಬೇಕಾ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲೂಕಿನವನು. ಅಡಿಕೆ ತೋಟ ಇದೆ, ಜೊತೆಗೆ ಸ್ವಲ್ಪ ಚೇಣಿ ವ್ಯಾಪಾರ (ಬೇರೆಯವರ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯೋದು). ಸೀಸನ್‌ನಲ್ಲಿ ಶಿವಮೊಗ್ಗ ಮಂಡಿಯಿಂದ ಹಣ ತಗೊಂಡು ರಾತ್ರಿ ಮಂಡಗದ್ದೆ ಕಾಡಿನ ದಾರಿಯಲ್ಲಿ ಒಬ್ಬನೇ ಬರುತ್ತೇನೆ. ಮನೆಯಲ್ಲಿ ಲೈಸೆನ್ಸ್ ಇರುವ ತೋಟಾ ಕೋವಿ ಇದೆ, ಅದನ್ನು ಕಾರಲ್ಲಿ ಇಟ್ಕೊಂಡು ತಿರುಗೋಕೆ ಆಗಲ್ಲ. ಸಣ್ಣ ಪಿಸ್ತೂಲಿಗೆ ಅರ್ಜಿ ಹಾಕೋಣ ಅಂತಿದ್ದೇನೆ. .22 ಸಾಕಾ, .32 ಬೇಕಾ? ಗೆಳೆಯರು 9 ಎಂಎಂ ತಗೋ ಅಂತಾರೆ. ತೋಟೆ (ಗುಂಡು, ಮದ್ದು ತುಂಬಿದ ಹಿತ್ತಾಳೆ ಕೊಳವೆ) ಯಾವುದು ಒಳ್ಳೇದು?

ಉತ್ತರ: ಮೊದಲು 9 ಎಂಎಂ ವಿಷಯ ಮುಗಿಸಿಬಿಡೋಣ. ಗೆಳೆಯರು ಸಿನಿಮಾ ಜಾಸ್ತಿ ನೋಡ್ತಾರೆ ಅಂತ ಕಾಣುತ್ತೆ. ಬೋರ್ ಅಂದ್ರೆ ನಳಿಗೆಯ ಒಳ ಅಳತೆ, .22, .32 ಅನ್ನೋದು ಇಂಚಿನ ಲೆಕ್ಕ. ನಮ್ಮ ದೇಶದಲ್ಲಿ 9 ಎಂಎಂ, .38, .45 ಎಲ್ಲ ನಿಷೇಧಿತ ಬೋರ್. ಪೊಲೀಸರು, ಸೇನೆಯವರು ಬಳಸುವಂಥವು. ಅದರ ಲೈಸೆನ್ಸ್ ಡಿಸಿ ಕೈಯಲ್ಲೇ ಇಲ್ಲ, ಕೇಂದ್ರ ಗೃಹ ಸಚಿವಾಲಯದ ತನಕ ಹೋಗಬೇಕು. ಅಡಿಕೆ ವ್ಯಾಪಾರಿಗೆ ಅದು ಸಿಗುವ ಮಾತಲ್ಲ.

ಹಾಗಾಗಿ ನೀವು ಆರಿಸೋದಕ್ಕಿಂತ ಮುಂಚೆ ಕಾನೂನೇ ಅರ್ಧ ಆರಿಸಿಬಿಟ್ಟಿರುತ್ತದೆ. ಉಳಿಯೋದು ಹೆಚ್ಚುಕಮ್ಮಿ .22 ಮತ್ತು .32. ಇವೆರಡರಲ್ಲಿ .32 ತಗೊಳ್ಳಿ. .22 ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ, ಅಷ್ಟೇ. ಅದು ಪ್ರಾಣ ತೆಗೆಯಲ್ಲ ಅಂತಲ್ಲ, ಖಂಡಿತ ತೆಗೆಯುತ್ತದೆ. ಆದರೆ ಮೈಮೇಲೆ ಬರುವವನನ್ನು ಆ ಕ್ಷಣಕ್ಕೆ ನಿಲ್ಲಿಸುತ್ತೆ ಅಂತ ಭರವಸೆ ಇಲ್ಲ. ಇನ್ನೊಂದು ತೊಂದರೆ ಅಂದ್ರೆ .22 ತೋಟೆಯಲ್ಲಿ ಸಿಡಿಮದ್ದು ಇರೋದು ತಳದ ಅಂಚಿನೊಳಗೆ. ಅಂಚಿನ ಸುತ್ತ ಮದ್ದು ಸರಿಯಾಗಿ ಹರಡಿರದಿದ್ದರೆ ಟಪ್ ಅಂತ ಸದ್ದು ಬರುತ್ತದೆ, ಗುಂಡು ಹಾರಲ್ಲ. .32 ತೋಟೆಗೆ ತಳದ ಮಧ್ಯದಲ್ಲೇ ಬೇರೆ ಕೇಪು (ಸಿಡಿಮದ್ದಿನ ಪುಟ್ಟ ಬಟ್ಟಲು) ಇರುವುದರಿಂದ ಈ ರಗಳೆ ಕಡಿಮೆ. ಹಾಗಂತ .32 ಏನು ಭೀಮನ ಗದೆ ಅಲ್ಲ. 9 ಎಂಎಂ ಗುಂಡಿಗೆ ಸುಮಾರು 480 ಜೂಲ್ ಶಕ್ತಿ ಇದ್ದರೆ ಇದಕ್ಕೆ 170ರ ಆಸುಪಾಸು. ಅಂದ್ರೆ ಗುಂಡು ಬೀಳಬೇಕಾದ ಕಡೆಯೇ ಬಿದ್ದರೆ ಮಾತ್ರ ಉಪಯೋಗ.

ಇಲ್ಲಿ ತುಂಬಾ ಜನ ಎಡವುತ್ತಾರೆ: .32 ರಿವಾಲ್ವರ್ ತೋಟೆ ಬೇರೆ, .32 ಪಿಸ್ತೂಲಿನ ತೋಟೆ ಬೇರೆ. ನಂಬರ್ ಒಂದೇ, ಅಷ್ಟೇ. ರಿವಾಲ್ವರಿನದು ಸ್ಮಿತ್ ಅಂಡ್ ವೆಸನ್ ಲಾಂಗ್, ಕೊಳವೆ 23 ಮಿಲಿಮೀಟರ್ ಉದ್ದ, ತಳದಲ್ಲಿ ಅಗಲ ಅಂಚು, ಗುಂಡು ಆರು ಗ್ರಾಂ ಮೇಲೆ. ಪಿಸ್ತೂಲಿನದು ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್), 17 ಮಿಲಿಮೀಟರ್, ಗುಂಡು ನಾಲ್ಕೂವರೆ ಗ್ರಾಂನಷ್ಟು. ಒಂದರಲ್ಲಿ ಇನ್ನೊಂದನ್ನು ತುರುಕಬೇಡಿ. ಅಂಗಡಿಯಲ್ಲಿ ಬರೀ 'ಪಾಯಿಂಟ್ 32 ಕೊಡಿ' ಅನ್ನಬೇಡಿ, ಯಾವುದರದು ಅಂತ ಹೇಳಿ, ಪೊಟ್ಟಣದ ಮೇಲಿನದ್ದನ್ನು ಓದಿಯೇ ದುಡ್ಡು ಕೊಡಿ.

ರಿವಾಲ್ವರೋ ಪಿಸ್ತೂಲೋ? ಮಲೆನಾಡಿನಲ್ಲಿ ಇರುವವರಿಗೆ ನಾನು ರಿವಾಲ್ವರ್ ಅಂತಲೇ ಹೇಳೋದು. ಪಿಸ್ತೂಲು ತೆಳ್ಳಗೆ, ಸೊಂಟದಲ್ಲಿ ಗೊತ್ತಾಗಲ್ಲ, ನಿಜ. ಆದರೆ ಅದರೊಳಗೆ ಸ್ಪ್ರಿಂಗು, ಮ್ಯಾಗಝೀನು, ಹಿಂದೆ ಮುಂದೆ ಜಾರುವ ಸ್ಲೈಡು. ವಾರಕ್ಕೊಮ್ಮೆ ಒರೆಸಿ ಎಣ್ಣೆ ಕೊಡುವವರಿಗೆ ಅದು ಸರಿ. ಅಟ್ಟದ ಮೇಲಿನ ಸಿಪ್ಪೆಗೋಟಿಗೇ (ಸಿಪ್ಪೆ ಸಮೇತ ಒಣಗಿಸಿದ ಅಡಿಕೆಗೇ) ಬೂಷ್ಟು ಬರುವ ಊರಿನಲ್ಲಿ, ಬೀರುವಲ್ಲಿಟ್ಟು ಮರೆತುಬಿಡುವ ಜನ ನಾವು. ರಿವಾಲ್ವರಿನಲ್ಲಿ ಒಂದು ತೋಟೆ ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ತೋಟೆಗಳಿರುವ ಚಕ್ರ ತಿರುಗಿ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಕತ್ತಲಲ್ಲಿ, ನಡುಗುವ ಕೈಯಲ್ಲಿ, ಸಿಕ್ಕಿಕೊಂಡ ತೋಟೆ ಕೀಳುತ್ತಾ ಕೂರಬೇಕು.

ತೋಟೆಯ ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ನಮ್ಮಲ್ಲಿ ಮಾಮೂಲಿ ಸಿಗೋದು ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯದ್ದು, ತಳದಲ್ಲಿ ಕೆಎಫ್ ಅಂತ ಗುರುತು ಇರುತ್ತದೆ. ನೋಡಬೇಕಾದ್ದು ಹಳತಾ ಹೊಸತಾ ಅಂತ. ತೋಟೆಯನ್ನು ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿಟ್ಟು ಒಂದು ಮಳೆಗಾಲ ಬಿಟ್ಟು ನೋಡಿ: ಚರ್ಮ ತಾಗಿದ ಜಾಗದಲ್ಲಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಅಂಥದ್ದು ರಿವಾಲ್ವರಿನ ಚಕ್ರದ ಗೂಡಿನಲ್ಲಿ ಅಂಟಿಕೊಂಡರೆ ಹೊರಗೆ ಬರಲ್ಲ. ಆಯುಧವನ್ನೂ ಅಷ್ಟೇ, ಚರ್ಮದ ಚೀಲದಲ್ಲೇ ತಿಂಗಳುಗಟ್ಟಲೆ ಇಡಬೇಡಿ. ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗ ಹಾಕಿ ಇಡಿ. ತೋಟೆಗೆ ಮಾತ್ರ ಎಣ್ಣೆ ಬೇಡ, ಕೇಪಿನೊಳಗೆ ಇಳಿದು ಮದ್ದು ಕೆಡುತ್ತದೆ.

ಈಗ ಲೈಸೆನ್ಸ್. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಆಯುಧ. ನಿಮ್ಮ ಹತ್ತಿರ ಒಂದಿದೆ, ಇನ್ನೊಂದಕ್ಕೆ ಜಾಗ ಇದೆ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅಂತ ಕೇಳಬೇಡಿ, ಅದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೆ, ಶಿವಮೊಗ್ಗಕ್ಕಲ್ಲ. ಡಿಸಿ ಕಚೇರಿಗೆ ಅರ್ಜಿ, ವೈದ್ಯರ ಸರ್ಟಿಫಿಕೇಟ್, ತರಬೇತಿ ಸರ್ಟಿಫಿಕೇಟ್, ಆಮೇಲೆ ಪೊಲೀಸ್ ವರದಿ. ಜೀವಕ್ಕೆ ಏನು ಅಪಾಯ ಅಂತ ಅಲ್ಲಿ ಕೇಳೇ ಕೇಳುತ್ತಾರೆ. ಕಂತೆ ಕಂತೆ ಹಣ ತರ್ತೇನೆ ಅಂತ ಬರೆಯುವ ಮುಂಚೆ ಒಂದು ನೆನಪಿರಲಿ: ಒಂದೇ ದಿನ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋದೇ ಆದಾಯ ತೆರಿಗೆ ಕಾಯ್ದೆಯಲ್ಲಿ ತಪ್ಪು. ಮಂಡಿಯವರಿಗೆ ಬ್ಯಾಂಕಿಗೇ ಹಾಕಿ ಅಂದುಬಿಟ್ಟರೆ ಮಂಡಗದ್ದೆ ಕಾಡಿನ ಭಯ ಅರ್ಧ ಹೋಯಿತು, ಅಲ್ವಾ?

ಗುಂಡು ಹಾರಿಸುವ ಹಕ್ಕು ಎಲ್ಲಿಯ ತನಕ ಅನ್ನೋದನ್ನೂ ತಿಳ್ಕೊಳ್ಳಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯವು. ಒಬ್ಬ ಮಚ್ಚು ಎತ್ತಿ ಬರುತ್ತಿದ್ದಾಗ ಹೊಡೆದರೆ ಅದು ರಕ್ಷಣೆ. ಅದೇ ಮನುಷ್ಯ ಬ್ಯಾಗು ಬಿಸಾಕಿ ಓಡುವಾಗ ಬೆನ್ನಿಗೆ ಹೊಡೆದರೆ ಕೊಲೆ ಕೇಸು ನಿಮ್ಮ ಮೇಲೆ.

ಪ್ರಶ್ನೆ: ತೋಟಕ್ಕೆ ಹಂದಿ ಕಾಟ. ರಿವಾಲ್ವರ್ ಇದ್ದರೆ ಅದಕ್ಕೂ ಆಗುತ್ತಾ? (ಸೊರಬ)

ಉತ್ತರ: ಆಗಲ್ಲ. .32 ಗುಂಡು ತಿಂದ ಹಂದಿ ಸಾಯಲ್ಲ, ರೊಚ್ಚಿಗೆದ್ದು ನಿಮ್ಮ ಕಡೆಗೇ ತಿರುಗುತ್ತದೆ. ಆಮೇಲೆ ಅರಣ್ಯ ಇಲಾಖೆ ಕೇಸು ಬೇರೆ. ಬೆಳೆ ರಕ್ಷಣೆಯ ಲೈಸೆನ್ಸ್ ಕೊಡೋದು ಉದ್ದ ನಳಿಗೆಯ ಕೋವಿಗೆ, ಅದನ್ನು ಸೊಂಟದ ಆಯುಧದ ಜೊತೆ ಬೆರೆಸಬೇಡಿ.

ಪ್ರಶ್ನೆ: ಸಾಗರದಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿ ಮುಗಿಸಿ ಸ್ಕೂಟಿಯಲ್ಲಿ ಹಳ್ಳಿಗೆ ಹೋಗಬೇಕು. ಹೆಂಗಸರಿಗಾಗಿಯೇ ಮಾಡಿದ 'ನಿರ್ಭೀಕ್' ರಿವಾಲ್ವರ್ ತಗೋ ಅಂತ ಮನೆಯವರು ಹೇಳ್ತಾರೆ. ತಗೊಳ್ಳಲಾ?

ಉತ್ತರ: ಕಾನ್ಪುರದ ಕಾರ್ಖಾನೆ 2014ರಲ್ಲಿ ಅದನ್ನು ಬಿಡುಗಡೆ ಮಾಡಿದಾಗ ಹಾಗೆ ಪ್ರಚಾರ ಆಯಿತು, ನಿಜ. ಟೈಟಾನಿಯಂ ಮಿಶ್ರಲೋಹ, ಅರ್ಧ ಕೆಜಿ ತೂಕ, ಆರು ತೋಟೆ, ಬೆಲೆ ಆಗಲೇ 1 ಲಕ್ಷ 22 ಸಾವಿರದ ಮೇಲೆ. ಒಳಗೆ ಇರೋದು ಎಲ್ಲರ ರಿವಾಲ್ವರಿನಲ್ಲಿರುವ ಅದೇ .32 ತೋಟೆ. ಹೆಂಗಸರಿಗೆ ಅಂತ ಬೇರೆ ವಿಶೇಷ ಏನಿಲ್ಲ. 2023ರಲ್ಲಿ ಬಂದ 'ಪ್ರಬಲ್' ಸ್ವಲ್ಪ ಭಾರ, 700 ಗ್ರಾಂ, ಆದರೆ ಚಕ್ರ ಪಕ್ಕಕ್ಕೆ ಹೊರಳುತ್ತದೆ, ನಿರ್ಭೀಕ್ ಥರ ನಡು ಮುರಿದು ತೋಟೆ ತುಂಬಬೇಕಿಲ್ಲ. ತಗೊಳ್ಳೋದೇ ಆದರೆ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಖಾಲಿ ಇರುವಾಗ, ಅಂಗಡಿಯವರನ್ನು ಕೇಳಿ, ಗೋಡೆ ಕಡೆ ಹಿಡಿದು ಟ್ರಿಗರ್ ಎಳೆದು ನೋಡಿ. ಒಂದೇ ಬೆರಳಲ್ಲಿ, ಮೂತಿ ಅಲುಗದ ಹಾಗೆ ಎಳೆಯೋಕೆ ಬರದಿದ್ದರೆ ಅದು ನಿಮ್ಮದಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಬೇಡ ಅಂತಲೇ ಹೇಳ್ತೀನಿ. ವಾರ್ಡಿನಲ್ಲಿ ಡ್ಯೂಟಿ ಮಾಡುವ ಎಂಟು ಗಂಟೆ ಅದನ್ನು ಎಲ್ಲಿ ಇಡ್ತೀರಿ? ಬ್ಯಾಗಲ್ಲಿಟ್ಟು ಲಾಕರಿಗೆ ಹಾಕಿದರೆ ಅದು ನಿಮ್ಮ ವಶದಲ್ಲಿಲ್ಲ. ಸ್ಕೂಟಿ ಓಡಿಸುವಾಗ ಎರಡೂ ಕೈ ಹ್ಯಾಂಡಲ್ ಮೇಲೆ, ಅಡ್ಡ ಹಾಕಿದವನು ಬ್ಯಾಗಿನ ಜಿಪ್ ತೆಗೆಯುವ ತನಕ ಕಾಯ್ತಾನಾ? ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ, ಜೇಬಲ್ಲೇ ಇರುತ್ತದೆ. ಪಾಳಿ ಮುಗಿದಾಗ ಸಹೋದ್ಯೋಗಿಯೊಬ್ಬರ ಜೊತೆ ಹೊರಡೋದು, ಮನೆಗೆ ಲೊಕೇಶನ್ ಹಾಕೋದು, 112 ಒತ್ತೋದು, ಇವು ರಿವಾಲ್ವರಿಗಿಂತ ಬೇಗ ಕೈಗೆ ಸಿಗುತ್ತವೆ.

ಪ್ರಶ್ನೆ: ಅಪ್ಪ ಕಳೆದ ವರ್ಷ ತೀರಿಕೊಂಡರು. ಪೆಟ್ಟಿಗೆಯಲ್ಲಿ ಅವರ ಹಳೇ ರಿವಾಲ್ವರ್, ಒಂದು ಡಬ್ಬಿ ತೋಟೆ ಇದೆ. ನಾನು ಇಟ್ಟುಕೊಳ್ಳಬಹುದಾ? (ಹೊಸನಗರ)

ಉತ್ತರ: ಒಂದು ವರ್ಷ ಸುಮ್ನೆ ಇಟ್ಕೊಂಡಿದ್ದೇ ಜಾಸ್ತಿ ಆಯಿತು. ಲೈಸೆನ್ಸ್ ಅಪ್ಪನ ಹೆಸರಲ್ಲಿತ್ತು, ನಿಮ್ಮದಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಈಗ ಕನಿಷ್ಠ ಎರಡು ವರ್ಷ, ಐದು ವರ್ಷದ ತನಕ ಜೈಲು. ಮೊದಲು ವಕೀಲರೊಬ್ಬರಿಗೆ ಹೇಳಿ, ಅಪ್ಪನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಹಿಡ್ಕೊಂಡು ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಆಯುಧದ ಅಂಗಡಿಗೋ ಒಪ್ಪಿಸಿ. ರಸೀತಿಯಲ್ಲಿ ನಂಬರ್, ಬೋರ್, ತೋಟೆಗಳ ಎಣಿಕೆ ಬರೆಸಿಕೊಳ್ಳಿ. ಆಮೇಲೆ ವಾರಸುದಾರ ಅಂತ ನಿಮ್ಮ ಹೆಸರಿಗೆ ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿ, 2016ರ ಆಯುಧ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಬೋರ್ .38 ಆಗಿದ್ದರೆ ಮೇಲೆ ಹೇಳಿದ ನಿಷೇಧಿತ ಪಟ್ಟಿಗೆ ಸೇರುತ್ತದೆ, ದಾರಿ ಉದ್ದ.

ಡಬ್ಬಿಯ ತೋಟೆ ಸರಿಯಿದೆಯಾ ಅಂತ ತೋಟದಲ್ಲಿ ಒಂದು ಹೊಡೆದು ನೋಡೋದು ಬೇಡ. ಶರಾವತಿಗೆ ಎಸೆಯೋದೂ ಬೇಡ, ಲೈಸೆನ್ಸ್ ಪುಸ್ತಕದಲ್ಲಿ ಲೆಕ್ಕ ಇರುತ್ತದೆ. ರಿವಾಲ್ವರ್ ಜೊತೆಗೇ ಅವನ್ನೂ ಒಪ್ಪಿಸಿ.