ಎರಡೂವರೆ ತಿಂಗಳ ಲ್ಯಾಬ್ರಡಾರ್ ಮರಿಗೆ ಏನು, ಎಷ್ಟು ಹಾಕಬೇಕು? ಕ್ಯಾಲ್ಸಿಯಂ ಸಿರಪ್ ಬೇಕಾ?

ಮರಿ 7 ಕೆಜಿ ಇದೆ, ಬೆಳಿಗ್ಗೆ ಹಾಲು-ಅನ್ನ, ಮಧ್ಯಾಹ್ನ ಮುದ್ದೆ-ಚಿಕನ್, ರಾತ್ರಿ ಒಂದು ಹಿಡಿ ಪಪ್ಪಿ ಫುಡ್, ಮೂಳೆ ಗಟ್ಟಿಯಾಗಲಿ ಅಂತ ದಿನಾ ಕ್ಯಾಲ್ಸಿಯಂ ಸಿರಪ್, ಆದರೂ ಕಕ್ಕ ತೆಳ್ಳಗಾಗುತ್ತಿದೆ ಅಂದಿದ್ದೀರಿ. ಇವತ್ತಿನಿಂದಲೇ ಹಾಲು ನಿಲ್ಲಿಸಿ. ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಮರಿಗಳಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ, ಹಸುವಿನ ಹಾಲಿನಲ್ಲಿ ಆ ಸಕ್ಕರೆ ನಾಯಿಯ ಹಾಲಿಗಿಂತ ಜಾಸ್ತಿ. ತೆಳ್ಳಗಾಗುವುದಕ್ಕೆ ಇದೇ ಮೊದಲ ಅನುಮಾನ. ಎರಡನೆಯದು ಜಂತುಹುಳ. ಮೂರು ತಿಂಗಳ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ ಹುಳದ ಔಷಧಿ ಆಗಿರಬೇಕು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಹುಳವೇ ಇರಬಹುದು. ಆದರೆ ವಾಂತಿ, ರಕ್ತಭೇದಿ, ಊಟ ಬಿಟ್ಟು ಮಂಕಾಗಿ ಮಲಗುವುದು ಕಂಡರೆ ಊಟ ಬದಲಿಸಿ ನೋಡುತ್ತಾ ಕೂರಬೇಡಿ, ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ. ಲಸಿಕೆ ಪೂರ್ತಿಯಾಗದ ಮರಿಗೆ ಅದು ಪಾರ್ವೊ, ಅಂದರೆ ಮರಿಗಳ ಪ್ರಾಣಕ್ಕೇ ಕುತ್ತು ತರುವ ವೈರಸ್ ರೋಗ, ಆಗಿರಬಹುದು.

ಇನ್ನು ಕ್ಯಾಲ್ಸಿಯಂ. ದೊಡ್ಡ ತಳಿಯ ಮರಿಗಳ ಮೂಳೆ ಕೆಡುವುದು ಎರಡು ರೀತಿಯಲ್ಲಿ: ಕ್ಯಾಲ್ಸಿಯಂ ಕಡಿಮೆಯಾದರೂ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ. ಸುಮಾರು ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಸರಿಯಾಗಿ ತಡೆಯಲು ಬರುವುದಿಲ್ಲ, ಕೊಟ್ಟಷ್ಟೂ ಒಳಗೆ ಸೇರುತ್ತಾ ಹೋಗುತ್ತದೆ. ಆಗ ಮೂಳೆ, ಮೃದ್ವಸ್ಥಿ ಬೆಳೆಯುವ ಕ್ರಮವೇ ತಪ್ಪಿ ಕಾಲು ಸೊಟ್ಟಗಾಗುವುದು, ಕೀಲು ನೋವು ಶುರುವಾಗುತ್ತವೆ.

ಲೆಕ್ಕ ಹಾಕಿ ನೋಡಿ. 7 ಕೆಜಿಯ ಈ ವಯಸ್ಸಿನ ಮರಿಗೆ ದಿನಕ್ಕೆ ಸುಮಾರು 900 ಕಿಲೋ ಕ್ಯಾಲರಿ ಬೇಕು (ಮುಂದೆ ಬರೀ ‘ಕ್ಯಾಲರಿ’ ಅಂದರೂ ಇದೇ). ಸಾಧಾರಣ ಡ್ರೈ ಫುಡ್ 100 ಗ್ರಾಂಗೆ 360 ಕ್ಯಾಲರಿ ಅಂದುಕೊಂಡರೆ ದಿನಕ್ಕೆ 250 ಗ್ರಾಂ ಆಯಿತು. ದೊಡ್ಡ ತಳಿಗೆ 1000 ಕ್ಯಾಲರಿಗೆ ಕ್ಯಾಲ್ಸಿಯಂ ಕನಿಷ್ಠ 3 ಗ್ರಾಂ, ಗರಿಷ್ಠ 4.5 ಗ್ರಾಂ. ಅಂದರೆ ನಿಮ್ಮ ಮರಿಗೆ 2.7ರಿಂದ 4 ಗ್ರಾಂ. ಚೀಲದ ಮೇಲೆ ಕ್ಯಾಲ್ಸಿಯಂ 1.4 ಶೇಕಡ ಅಂತ ಇದ್ದರೆ 250 ಗ್ರಾಂನಲ್ಲೇ 3.5 ಗ್ರಾಂ ಬಂದಾಯಿತು. ಇನ್ನು ಸಿರಪ್ಪಿಗೆ ಜಾಗ ಎಲ್ಲಿದೆ? ಪೂರ್ತಿ ಪಪ್ಪಿ ಫುಡ್ ಮೇಲಿರುವ ಮರಿಗೆ ಆ ಬಾಟಲಿ ಬೇಡವೇ ಬೇಡ.

ಮನೆ ಊಟದಲ್ಲಿ ಕಥೆ ತಿರುವುಮುರುವು. ಮೂಳೆಯಿಲ್ಲದ 100 ಗ್ರಾಂ ಚಿಕನ್‌ನಲ್ಲಿ ಹದಿನೈದು ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ರಂಜಕ (ಫಾಸ್ಫರಸ್) ಮಾತ್ರ ಸುಮಾರು 200 ಮಿಲಿಗ್ರಾಂ. ಹೀಗೆ ಕ್ಯಾಲ್ಸಿಯಂ ಕಡಿಮೆ, ರಂಜಕ ಜಾಸ್ತಿ ಆದಾಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಬರೀ ಅನ್ನ-ಚಿಕನ್ ಮೇಲೆ ಬೆಳೆದ ಮರಿ ಸೋಫಾದಿಂದ ಧುಮುಕಿದರೂ ಕಾಲು ಮುರಿದುಕೊಳ್ಳುವುದು ಇದರಿಂದಲೇ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಅಂತ ಕೇಳುತ್ತೀರಿ. ಇದೆ, 100 ಗ್ರಾಂ ಹಿಟ್ಟಿಗೆ ಸುಮಾರು 340 ಮಿಲಿಗ್ರಾಂ. ಆದರೆ 2.7 ಗ್ರಾಂ ಆಗಬೇಕಾದರೆ ಮುಕ್ಕಾಲು ಕೆಜಿಗೂ ಮೀರಿ ಹಿಟ್ಟು ಬೇಕು, ಅದರಲ್ಲೂ ಒಂದಿಷ್ಟನ್ನು ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮುದ್ದೆ ಕೆಟ್ಟದ್ದಲ್ಲ, ಹೊಟ್ಟೆ ತುಂಬಿಸುತ್ತದೆ. ಮರಿಯನ್ನು ಬೆಳೆಸುವಷ್ಟು ಪ್ರೋಟೀನ್ ಮಾತ್ರ ಅದರಲ್ಲಿಲ್ಲ. ಬಿಸಿಲಿಗೆ ಬಿಟ್ಟರೆ ಸಾಕು ಅನ್ನುವುದೂ ತಪ್ಪು: ನಮ್ಮ ಚರ್ಮದಂತೆ ನಾಯಿಯ ಚರ್ಮ ಬೇಕಾದಷ್ಟು ವಿಟಮಿನ್ ಡಿ ತಯಾರಿಸುವುದಿಲ್ಲ, ಅದು ಊಟದಿಂದಲೇ ಬರಬೇಕು.

ಹಾಗಾಗಿ ನನ್ನ ಸಲಹೆ, ಒಂದು ವರ್ಷ ತುಂಬುವ ತನಕ ಒಳ್ಳೆಯ ಪಪ್ಪಿ ಫುಡ್ಡೇ ಮುಖ್ಯ ಊಟವಾಗಲಿ, ಮನೆಯದು ಒಟ್ಟು ಕ್ಯಾಲರಿಯ ಹತ್ತನೇ ಒಂದು ಭಾಗ ದಾಟದಿರಲಿ. ಅಂದರೆ ಈಗ ಒಂದು ಬೇಯಿಸಿದ ಮೊಟ್ಟೆ, ಅಥವಾ ಎರಡು-ಮೂರು ಚಮಚ ಚಿಕನ್. ಪೂರ್ತಿ ಮನೆ ಊಟವೇ ಬೇಕು ಅನ್ನುವವರು ಪಶುವೈದ್ಯರಿಂದ ತೂಕದ ಲೆಕ್ಕದಲ್ಲಿ ಪಟ್ಟಿ ಬರೆಸಿಕೊಳ್ಳಲಿ. ಮೊಟ್ಟೆ ಚಿಪ್ಪಿನ ಪುಡಿ ಕ್ಯಾಲ್ಸಿಯಂ ಕೊಟ್ಟೀತು, ಸತು, ತಾಮ್ರ, ಅಯೋಡಿನ್ ಕೊಡುವುದಿಲ್ಲ.

ಚೀಲ ಕೊಳ್ಳುವಾಗ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ಓದಿ. ಬೆಳವಣಿಗೆಗೆ ಸಂಪೂರ್ಣ ಆಹಾರ ಅಂತ ಸ್ಪಷ್ಟವಾಗಿ ಇರಬೇಕು, ‘ಪೂರಕ’ ಅಂತಿದ್ದರೆ ಬೇಡ. ‘ಲಾರ್ಜ್ ಬ್ರೀಡ್ ಪಪ್ಪಿ’ ಎಂದಿದ್ದರೆ ಒಳ್ಳೆಯದು. ತೇವಾಂಶ ಬಿಟ್ಟು ಲೆಕ್ಕ ಹಾಕಿದರೆ ಪ್ರೋಟೀನ್ 22.5 ಶೇಕಡಕ್ಕಿಂತ ಕೆಳಗಿರಬಾರದು, ಕ್ಯಾಲ್ಸಿಯಂ 1.2ರಿಂದ 1.8ರ ಒಳಗಿರಬೇಕು. ಪ್ರೋಟೀನ್ ಜಾಸ್ತಿಯಾದರೆ ಮೂಳೆ ಕೆಡುತ್ತದೆ ಎಂಬ ಭಯ ಬೇಡ, ಕೆಡಿಸುವುದು ಹೆಚ್ಚಾದ ಕ್ಯಾಲ್ಸಿಯಂ ಮತ್ತು ಹೆಚ್ಚಾದ ಕ್ಯಾಲರಿ. ಅಂಗಡಿಯಲ್ಲಿ ದೊಡ್ಡ ಮೂಟೆ ಬಿಚ್ಚಿ ಕೆಜಿ ಲೆಕ್ಕದಲ್ಲಿ ತೂಗಿಕೊಡುವ ಬಿಡಿ ಫುಡ್ ಬೇಡ. ಅದರ ಕೊಬ್ಬು ಎಷ್ಟು ದಿನದಿಂದ ಗಾಳಿಗೆ ಕಮಟುತ್ತಿದೆಯೋ ತಿಳಿಯುವುದಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ-ಮಲೆನಾಡಿನಲ್ಲಿ, ಬೂಷ್ಟು ಬರುತ್ತದೆ. ತಿಂಗಳಲ್ಲಿ ಮುಗಿಯುವಷ್ಟೇ ಚೀಲ ತಂದು, ಚೀಲದ ಸಮೇತ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ.

ಬದಲಾವಣೆಗೆ ಏಳರಿಂದ ಹತ್ತು ದಿನ ಹಿಡಿಯಲಿ. ಮೊದಲೆರಡು ದಿನ ಕಾಲು ಭಾಗ ಹೊಸದು, ಉಳಿದದ್ದು ಮೆತ್ತಗೆ ಬೇಯಿಸಿದ ಅನ್ನ ಮತ್ತು ಉಪ್ಪು-ಖಾರವಿಲ್ಲದ ಚಿಕನ್. ಆಮೇಲೆ ಅರ್ಧ, ಮುಕ್ಕಾಲು. ಕಕ್ಕ ಮತ್ತೆ ತೆಳ್ಳಗಾದರೆ ಹಿಂದಿನ ಹಂತದಲ್ಲೇ ಎರಡು ದಿನ ನಿಲ್ಲಿ. ಫುಡ್ಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಕೊಡಿ, ಉಳಿದದ್ದನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ.

250 ಗ್ರಾಂ ಅನ್ನು ಅಡುಗೆಮನೆ ತಕ್ಕಡಿಯಲ್ಲೇ ತೂಗಿ ನಾಲ್ಕು ಹೊತ್ತಿಗೆ ಹಂಚಿ. ‘ಹಿಡಿ’ ಲೆಕ್ಕ ಕೈಯಿಂದ ಕೈಗೆ ಬದಲಾಗುತ್ತದೆ. ನಾಲ್ಕು ತಿಂಗಳಿಗೆ ಮೂರು ಹೊತ್ತು, ಆರು ತಿಂಗಳ ಮೇಲೆ ಎರಡು ಹೊತ್ತು. ಮರಿ ದೊಡ್ಡದಾದ ಹಾಗೆ ಊಟ ಅದೇ ಲೆಕ್ಕದಲ್ಲಿ ಏರುವುದಿಲ್ಲ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ನಾಲ್ಕು ತಿಂಗಳು ದಾಟಿದ 16 ಕೆಜಿಯ ಮರಿಗೆ 1100 ಕ್ಯಾಲರಿ, ಅಂದರೆ 310 ಗ್ರಾಂ ಸುತ್ತಮುತ್ತ ಸಾಕಾಗುತ್ತದೆ. ತೂಕ ದುಪ್ಪಟ್ಟು ದಾಟಿದರೂ ಊಟ ಏರಿದ್ದು ಕಾಲು ಭಾಗ.

ಬಟ್ಟಲು ನೆಕ್ಕಿ ಮುಖ ನೋಡಿದ ಮಾತ್ರಕ್ಕೆ ಇನ್ನಷ್ಟು ಹಾಕಬೇಡಿ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವು ಹೆಚ್ಚಿಸುವ ಒಂದು ವಂಶವಾಹಿ ದೋಷ ಇರುವುದು 2016ರಲ್ಲಿ ಪತ್ತೆಯಾಗಿದೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಉಂಡವು ಸುಮಾರು 13 ವರ್ಷ ಬದುಕಿದವು, ಉಳಿದವು 11 ವರ್ಷ ಚಿಲ್ಲರೆ. ಕೀಲು ನೋವೂ ಅವುಗಳಲ್ಲಿ ತಡವಾಗಿ ಬಂತು. ಪಕ್ಕೆಲುಬು ಕಣ್ಣಿಗೆ ಕಾಣದೆ, ಒತ್ತದೆಯೇ ಬೆರಳಿಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು. (ಮುಧೋಳ ತಳಿಗೆ ಈ ಅಳತೆ ಬೇರೆ, ಅವುಗಳ ಪಕ್ಕೆಲುಬು ಸ್ವಲ್ಪ ಕಾಣುವುದೇ ಸಹಜ.)

ಸಾರು-ಸಾಂಬಾರು ಕಲಸಿದ ಅನ್ನ ಯಾರೂ ಹಾಕದಂತೆ ಮನೆಯವರಿಗೆಲ್ಲ ಹೇಳಿ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಬ್ಬದ ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಚಾಕೊಲೇಟ್ ಬೇಡ, ಬೆಂದ ಕೋಳಿಮೂಳೆ ಚೂರಾಗಿ ಕರುಳು ಕೊಯ್ಯುತ್ತದೆ.

ವಾರಕ್ಕೊಮ್ಮೆ ಮರಿಯನ್ನು ಎತ್ತಿಕೊಂಡು ತೂಕ ನೋಡಿ, ನಿಮ್ಮ ತೂಕ ಕಳೆದು ಬರೆದಿಡಿ, ಎರಡು ವಾರಕ್ಕೊಮ್ಮೆ ಊಟದ ಗ್ರಾಂ ಸರಿಪಡಿಸಿ. ಲ್ಯಾಬ್‌ಗೆ 12ರಿಂದ 15 ತಿಂಗಳ ತನಕ ಪಪ್ಪಿ ಫುಡ್ಡೇ ಮುಂದುವರಿಯಲಿ. ಇಷ್ಟು ದಿನ ಸಿರಪ್ ಎಷ್ಟು ಮಿಲಿ ಹೋಗಿದೆ ಅನ್ನುವುದನ್ನು ಮುಂದಿನ ಲಸಿಕೆಗೆ ಹೋದಾಗ ಡಾಕ್ಟರಿಗೆ ಹೇಳಿ, ಕುಂಟುತ್ತಿದ್ದರೆ ಅಷ್ಟು ದಿನ ಕಾಯದೆ ತೋರಿಸಿ.