ಮಗಳ ಗೆಳತಿಯೂ ಸಿಂಗಪುರಕ್ಕೆ ಬರುತ್ತಾಳಂತೆ, ಕರೆದೊಯ್ಯೋದಾ?

ಪ್ರಶ್ನೆ: ನಾವು ರಾಜಾಜಿನಗರದವರು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳಲ್ಲಿ 6 ದಿನ ಸಿಂಗಪುರಕ್ಕೆ ಹೋಗಬೇಕೆಂದಿದ್ದೇವೆ. ಒಬ್ಬಳೇ ಮಗಳು. ಗೆಳತಿ ಬರದಿದ್ದರೆ ತಾನೂ ಬರಲ್ಲ ಅಂತ ಹಟ ಹಿಡಿದಿದ್ದಾಳೆ. ಆ ಹುಡುಗಿಗೆ 15 ವರ್ಷ. ಅವಳ ಅಪ್ಪ ಅಮ್ಮ, 'ಕರ್ಕೊಂಡು ಹೋಗಿ, ನಿಮ್ಮ ಮೇಲೆ ನಂಬಿಕೆ ಇದೆ' ಅಂತ ಒಂದೇ ಮಾತಿಗೆ ಒಪ್ಪಿಬಿಟ್ಟರು. ನಮ್ಮ ಯಜಮಾನರದ್ದೇ ತಕರಾರು: 'ಬೇರೆಯವರ ಹೆಣ್ಣುಮಗು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಉತ್ತರ ಕೊಡೋದು?' ಯಾವ ಕಾಗದಪತ್ರ ಬೇಕು? ಖರ್ಚಿನ ಮಾತು ಹೇಗೆ ಎತ್ತುವುದು?

ಉತ್ತರ: ನಿಮ್ಮ ಯಜಮಾನರ ಪ್ರಶ್ನೆ ತಕರಾರಲ್ಲ, ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ನನಗೆ ಚಿಂತೆ ಹುಟ್ಟಿಸಿದ್ದು ಆ ಕಡೆಯವರು 'ಒಂದೇ ಮಾತಿಗೆ' ಒಪ್ಪಿದ್ದು. ಇಷ್ಟು ವರ್ಷ ವೀಸಾ, ಟಿಕೆಟ್ ಅಂತ ಜನರನ್ನು ಕಳಿಸುತ್ತಾ ನೋಡಿದ್ದೇನೆ. ನೂರು ಪ್ರಶ್ನೆ ಕೇಳುವ ಅಪ್ಪ ಅಮ್ಮಂದಿರಿಂದ ಆಮೇಲೆ ತೊಂದರೆ ಆಗಿದ್ದು ಕಡಿಮೆ. ಅವರು ಕೇಳದಿದ್ದರೆ ನೀವೇ ಕೇಳಬೇಕು.

ನನ್ನದೇ ಕಥೆ ಹೇಳುತ್ತೇನೆ. ಕೆಲ ವರ್ಷಗಳ ಹಿಂದೆ ಮಗನ ಸ್ನೇಹಿತನನ್ನು ಕೌಲಾಲಂಪುರಕ್ಕೆ ಕರೆದೊಯ್ದಿದ್ದೆವು. ಎರಡನೇ ರಾತ್ರಿ ಹುಡುಗನಿಗೆ ವಾಂತಿ, ಜ್ವರ. ಕ್ಲಿನಿಕ್‌ನಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಅಂತ. ನಾನು ಹುಡುಗನ ಮುಖ ನೋಡಿದೆ, ಹುಡುಗ ನನ್ನ ಮುಖ ನೋಡಿದ. ಅಲ್ಲಿ ರಾತ್ರಿ 2 ಗಂಟೆ, ಇಲ್ಲಿ ಹನ್ನೊಂದೂವರೆ. ನಾಲ್ಕನೇ ಸಲಕ್ಕೆ ಅವರಮ್ಮ ಫೋನ್ ಎತ್ತಿದರು. 'ಅಯ್ಯೋ, ಸಲ್ಫಾ ಮಾತ್ರೆ ಕೊಡಿಸ್ಬೇಡಿ, ಚಿಕ್ಕೋನಿದ್ದಾಗ ಮೈಯೆಲ್ಲ ದದ್ದು ಎದ್ದಿತ್ತು' ಅಂದರು. ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಆವತ್ತಿನಿಂದ ಯಾರೇ ಬೇರೆಯವರ ಮಕ್ಕಳನ್ನು ಕರೆದೊಯ್ದರೂ ಒಂದು ಹಾಳೆ ಬರೆಸಿಕೊಳ್ಳಿ ಅನ್ನುತ್ತೇನೆ: ರಕ್ತದ ಗುಂಪು, ಅಲರ್ಜಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಅವರ ಮನೆ ಡಾಕ್ಟರ ನಂಬರು, ರಾತ್ರಿಯಲ್ಲೂ ಎತ್ತುವ ಎರಡು ಫೋನ್ ನಂಬರು.

ಈಗ ಕಾಗದಪತ್ರ. ಮೊದಲು ಆ ಹುಡುಗಿಯ ಪಾಸ್‌ಪೋರ್ಟ್ ತರಿಸಿ ನಿಮ್ಮ ಕಣ್ಣಿಂದಲೇ ನೋಡಿ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ 5 ವರ್ಷ. 10ನೇ ವಯಸ್ಸಿನಲ್ಲಿ ಮಾಡಿಸಿದ್ದು ಈಗ ಮುಗಿಯುವ ಹೊತ್ತು. ಸಿಂಗಪುರಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಇಲ್ಲದಿದ್ದರೆ ಅವಳ ಅಪ್ಪ ಅಮ್ಮ ಈಗಲೇ ಅರ್ಜಿ ಹಾಕಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿಬರಲಿ. ಈ ಕೆಲಸ ನೀವು ಮಾಡಿಕೊಡಲು ಬರುವುದಿಲ್ಲ.

ಆಮೇಲೆ ಒಪ್ಪಿಗೆ ಪತ್ರ. ತಂದೆ ತಾಯಿ ಇಬ್ಬರೂ ಸಹಿ ಮಾಡಿ, ನೋಟರಿ ಮಾಡಿಸಿ, ಇಂಗ್ಲಿಷಿನಲ್ಲಿರಲಿ. ಹುಡುಗಿಯ ಪಾಸ್‌ಪೋರ್ಟ್ ನಂಬರು, ನಿಮ್ಮಿಬ್ಬರ ಹೆಸರು ಮತ್ತು ಪಾಸ್‌ಪೋರ್ಟ್ ನಂಬರು, ಹೋಗುವ ಬರುವ ತಾರೀಕು, ಇಳಿದುಕೊಳ್ಳುವ ವಿಳಾಸ ಎಲ್ಲವೂ ಅದರಲ್ಲಿ ಇರಬೇಕು. 'ತುರ್ತು ಸಂದರ್ಭದಲ್ಲಿ ಚಿಕಿತ್ಸೆ ಕೊಡಿಸಲು ಇವರಿಗೆ ಅಧಿಕಾರವಿದೆ' ಅನ್ನುವ ಸಾಲನ್ನು ಮಾತ್ರ ಮರೆಯಲೇಬೇಡಿ. ಜನನ ಪ್ರಮಾಣಪತ್ರ, ಅಪ್ಪ ಅಮ್ಮನ ಪಾಸ್‌ಪೋರ್ಟ್ ಅಥವಾ ಆಧಾರ್ ಪ್ರತಿ ಜೊತೆಗಿರಲಿ. ನೋಟರಿ ಬೋರ್ಡು ಪ್ರತಿ ಬಡಾವಣೆಯ ಜೆರಾಕ್ಸ್ ಅಂಗಡಿಯ ಪಕ್ಕದಲ್ಲೂ ನೇತಾಡುತ್ತಿರುತ್ತದೆ, ಅರ್ಧ ದಿನದ ಕೆಲಸ. ವಿಮಾನ ನಿಲ್ದಾಣದ ಇಮಿಗ್ರೇಷನ್‌ನಲ್ಲಿ ಇದನ್ನು ಯಾರೂ ಕೇಳದೆಯೂ ಇರಬಹುದು. ಕೇಳಿದಾಗ ಇಲ್ಲದಿದ್ದರೆ ಮಾತ್ರ ಕಷ್ಟ: ನಿಮ್ಮ ಸರ್‌ನೇಮೇ ಬೇರೆ, ಅವಳದ್ದೇ ಬೇರೆ. ತಂದೆ ತಾಯಿ ಬೇರೆಯಾಗಿದ್ದರೆ ಮಗು ಯಾರ ಸುಪರ್ದಿಯಲ್ಲಿದೆ ಅನ್ನುವ ಕೋರ್ಟ್ ಆದೇಶದ ಪ್ರತಿಯೂ ಬೇಕಾಗುತ್ತದೆ. ಈ ವಿಷಯ ಕೇಳಲು ಸಂಕೋಚ ಬೇಡ.

ವೀಸಾ ಅವಳಿಗೆ ಪ್ರತ್ಯೇಕ. ವಿಮೆಯೂ ಪ್ರತ್ಯೇಕ: ನಿಮ್ಮ ಫ್ಯಾಮಿಲಿ ಟ್ರಾವೆಲ್ ಪಾಲಿಸಿಯಲ್ಲಿ ನಿಮ್ಮ ಮಕ್ಕಳಿಗಷ್ಟೇ ಜಾಗ. ಸಿಂಗಪುರ ತಲುಪುವ ದಿನವೂ ಸೇರಿ ಕೊನೆಯ 3 ದಿನದೊಳಗೆ ಎಲ್ಲರ ಹೆಸರಿನಲ್ಲೂ ಅಲ್ಲಿನ ಅರೈವಲ್ ಕಾರ್ಡ್ (ದೇಶದೊಳಗೆ ಬರುವವರ ವಿವರದ ಅರ್ಜಿ) ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟಾದರೆ ಹೊರಗೆ ಬನ್ನಿ.

ಇನ್ನು ಖರ್ಚು. ನಮ್ಮಲ್ಲಿ ಇದೊಂದು ರೋಗ: 'ನಿಮ್ಮ ಮಗಳೂ ನಮ್ಮ ಮಗಳೂ ಒಂದೇ ಅಲ್ವಾ' ಅಂದುಬಿಟ್ಟು ಆಮೇಲೆ ಒಳಗೊಳಗೇ ಲೆಕ್ಕ ಹಾಕುವುದು. 12 ದಾಟಿದ ಮೇಲೆ ವಿಮಾನದಲ್ಲಿ ದೊಡ್ಡವರ ಟಿಕೆಟ್ಟೇ. ಟಿಕೆಟ್, ವೀಸಾ, ವಿಮೆ, ಯೂನಿವರ್ಸಲ್ ಸ್ಟುಡಿಯೋಸ್‌ನಂಥ ಕಡೆಯ ಪ್ರವೇಶ ಶುಲ್ಕ ಅವರದ್ದು, ಊಟ ತಿಂಡಿ ಮತ್ತು ಟ್ಯಾಕ್ಸಿ ನಿಮ್ಮದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ. ಎದುರಿಗೆ ಹೇಳಲು ಬಾಯಿ ಬಾರದ್ದನ್ನು ಬರೆದು ಹೇಳುವುದು ಸುಲಭ. ಅಲ್ಲಿನ ದೊಡ್ಡ ಮಳಿಗೆ ಮುಸ್ತಫಾದಲ್ಲಿ ಶಾಪಿಂಗ್ ಮಾಡಲು ಅವಳ ಕೈಖರ್ಚು ಎಷ್ಟು ಅನ್ನುವುದನ್ನೂ ಅವರೇ ಗೊತ್ತುಮಾಡಲಿ. ಇಲ್ಲವಾದರೆ ನಿಮ್ಮ ಮಗಳು ಎರಡು ಚೀಲ ತುಂಬಿಸುವಾಗ ಅವಳು ಸುಮ್ಮನೆ ನಿಂತಿರುತ್ತಾಳೆ.

ರೂಮಿನ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ನಾಲ್ವರೂ ಒಂದೇ ರೂಮು ಬೇಡ. ಮಕ್ಕಳಿಬ್ಬರ ಜತೆ ನೀವಿರಿ, ಯಜಮಾನರಿಗೆ ಪಕ್ಕದ ರೂಮು. ಖರ್ಚು ಹೆಚ್ಚುತ್ತದೆ, ನಿಜ. ಆ ಹುಡುಗಿಗೂ ಅವರಿಗೂ ಇಬ್ಬರಿಗೂ ನೆಮ್ಮದಿ.

ಯಾವುದಕ್ಕೆ ಯಾರ ಅಪ್ಪಣೆ ಅನ್ನುವುದು ಇಲ್ಲಿಂದ ಹೊರಡುವ ಮುಂಚೆಯೇ ತೀರ್ಮಾನವಾಗಲಿ. ಇಬ್ಬರೇ ಎಂಆರ್‌ಟಿ (ಅಲ್ಲಿನ ಮೆಟ್ರೊ ರೈಲು) ಹತ್ತಬಹುದೇ? ಹೋಟೆಲಿನ ಈಜುಕೊಳಕ್ಕೆ ಇಳಿಯಬಹುದೇ, ಈಜು ಬರುತ್ತದೆಯೇ? ಮೊಟ್ಟೆ ತಿನ್ನುತ್ತಾಳೆಯೇ? ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಬಹುದೇ? ನಿಮ್ಮ ಮಗಳಿಗೂ ಅದೇ ನಿಯಮ ಇರಲಿ. ಇಬ್ಬರನ್ನೂ ಕೂರಿಸಿಕೊಂಡು ಇನ್ನೊಂದು ಮಾತು ಹೇಳಿ: ಸಿಂಗಪುರದಲ್ಲಿ ವೇಪ್ (ಇ-ಸಿಗರೇಟ್) ಕೈಯಲ್ಲಿ ಇಟ್ಟುಕೊಂಡಿದ್ದರೂ ಅಪರಾಧ, ಪ್ರವಾಸಿಗರಿಗೂ ವಿನಾಯಿತಿ ಇಲ್ಲ. ನಮ್ಮಲ್ಲೂ 2019ರಲ್ಲೇ ಅದರ ಮಾರಾಟ ನಿಷೇಧವಾಗಿದೆ. ಆದರೂ ಯಾವ ಮಗುವಿನ ಬ್ಯಾಗಲ್ಲಿ ಏನಿರುತ್ತದೋ! 'ನಮ್ಮ ಹುಡುಗಿ ಅಂಥವಳಲ್ಲ' ಅಂದುಕೊಂಡೇ ಹೇಳಿ, ಹೇಳುವುದನ್ನು ಮಾತ್ರ ಬಿಡಬೇಡಿ.

ಮೂರನೇ ದಿನ ಹೊತ್ತಿಗೆ ಗೆಳತಿಯರಿಬ್ಬರೂ ಮಾತು ಬಿಟ್ಟಿರುತ್ತಾರೆ, ಬರೆದಿಟ್ಟುಕೊಳ್ಳಿ. ಮಧ್ಯಸ್ತಿಕೆಗೆ ಹೋಗಬೇಡಿ, ಒಬ್ಬಳನ್ನು ಯಜಮಾನರ ಜತೆ ಐಸ್‌ಕ್ರೀಮಿಗೆ ಕಳಿಸಿ, ಇನ್ನೊಬ್ಬಳನ್ನು ನಿಮ್ಮ ಜತೆ ಇಟ್ಟುಕೊಳ್ಳಿ. ಯಾರು ಸರಿ ಅನ್ನುವ ತೀರ್ಪು ಮಾತ್ರ ಕೊಡಬೇಡಿ. ಕೊಟ್ಟರೆ ಆ ಸುದ್ದಿ ನಿಮಗಿಂತ ಮೊದಲು ಬೆಂಗಳೂರು ಮುಟ್ಟುತ್ತದೆ.

ಇಷ್ಟಾದರೂ ಯಜಮಾನರು ಒಪ್ಪದಿದ್ದರೆ ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ಶನಿವಾರ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ, ಒಂದು ರಾತ್ರಿ ಉಳಿಯಿರಿ. ಯಾರಿಗೆ ಎಸಿ ಬೇಕು, ಯಾರು ಬಾತ್‌ರೂಮಿನಲ್ಲಿ ಒಂದು ಗಂಟೆ ಇರುತ್ತಾರೆ, ರಾತ್ರಿ ಅಮ್ಮನ ನೆನಪಾಗಿ ಅಳುವವರು ಯಾರು ಅನ್ನುವುದೆಲ್ಲ ಭಾನುವಾರ ಬೆಳಗಿನ ಕಾಫಿ ಹೊತ್ತಿಗೆ ಯಜಮಾನರಿಗೂ ಗೊತ್ತಾಗಿರುತ್ತದೆ.