ಕಿಟ್ ಕಾರಿಗೆ ಮನೆಯಲ್ಲೇ ಬಣ್ಣ: ಒಂದು ಪ್ರತಿಕ್ರಿಯೆ
ಬ್ರಿಟನ್ನಿನಲ್ಲಿ ಬಿಡಿಭಾಗಗಳ ಕಿಟ್ ಆಗಿ ಬರುವ ಕೇಟರ್‌ಹ್ಯಾಮ್ ಸೆವೆನ್ ಕಾರನ್ನು ಜೋಡಿಸುತ್ತಿರುವ ತಾವು, ಅದರ ಫೈಬರ್‌ಗ್ಲಾಸ್ ಮೂತಿ ಮತ್ತು ಮಡ್‌ಗಾರ್ಡ್‌ಗಳಿಗೆ ಮಕ್ಕಳೊಂದಿಗೆ ಗ್ಯಾರೇಜಿನಲ್ಲೇ ಟು-ಪ್ಯಾಕ್ ಬಣ್ಣ (ಗಟ್ಟಿಗೊಳಿಸುವ ಹಾರ್ಡನರ್ ಬೆರೆಸಿ ಬಳಸುವ ಬಣ್ಣ) ಸಿಂಪಡಿಸಬಹುದೇ ಎಂದು ಕೇಳಿದ್ದೀರಿ. ಸಿಂಪಡಣೆಯನ್ನು ದಯವಿಟ್ಟು ವೃತ್ತಿಪರರಿಗೆ ಬಿಡಿ. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಆಸ್ತಮಾ ತರಬಲ್ಲದಾದ್ದರಿಂದ, ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವಿಲ್ಲದೆ ದೊಡ್ಡವರೂ ಅಲ್ಲಿ ನಿಲ್ಲಬಾರದು.

ಹಾಗೆಂದು ಮಕ್ಕಳಿಗೆ ಕೆಲಸವಿಲ್ಲವೆಂದಲ್ಲ. ನನ್ನ ದೃಷ್ಟಿಯಲ್ಲಿ ಬಣ್ಣದ ಅಂದವೆಲ್ಲ ಇರುವುದು ಉಜ್ಜುವುದರಲ್ಲೇ. ಅಚ್ಚಿನಿಂದ ಬಂದ ಭಾಗಗಳ ಮೇಲೆ ಸಾಮಾನ್ಯವಾಗಿ ಮೇಣದ ಪಸೆ ಉಳಿದಿರುತ್ತದೆ. ಅದನ್ನು ತೆಗೆಯದೆ ಸ್ಯಾಂಡ್ ಪೇಪರ್ ಹಿಡಿದರೆ ಮೇಣವು ಗೀರುಗಳೊಳಗೆ ಸೇರಿ, ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಕುಳಿಬೀಳುತ್ತದೆ. ತಾವೇ ಕೈಗವಸು ತೊಟ್ಟು ಮೇಣ ತೆಗೆಯುವ ದ್ರಾವಣದಿಂದ ಒರೆಸಿದ ಮೇಲೆ, 400ರ ನಯದ (ಗ್ರಿಟ್) ವಾಟರ್ ಪೇಪರನ್ನು, ಅಂದರೆ ಒದ್ದೆಯಾಗಿ ಉಜ್ಜುವ ಸ್ಯಾಂಡ್ ಪೇಪರನ್ನು, ಸೋಪಿನ ನೀರಿನಲ್ಲಿ ಅದ್ದಿ ಮಕ್ಕಳ ಕೈಗೆ ಕೊಡಿ. ಒದ್ದೆಯಾಗಿದ್ದಷ್ಟೂ ಹೊತ್ತು ಧೂಳು ಏಳದು.

ಲೋಹದ ಹೊಳಪಿನ ಮೆಟಾಲಿಕ್ ಬಣ್ಣವಾದರೆ, ಭಾಗದಿಂದ ಭಾಗಕ್ಕೆ ಛಾಯೆ ಬೇರೆಯಾಗದಂತೆ, ಎಲ್ಲ ಭಾಗಗಳನ್ನೂ ಸಿಂಪಡಿಸುವ ವೃತ್ತಿಪರರಿಗೆ ಒಂದೇ ಸಲಕ್ಕೆ ಕೊಡಿ.